ಬೆವರು, ಹಸಿವು, ತಕ್ಕಡಿ

ರೈಲ್ವೆ ನಿಲ್ದಾಣದ ಪ್ಲಾಟ್‌ಫಾರಂ ಮೇಲೆ, ಕಾಫಿಯ ಅಂಗಡಿಗೂ ಪುಸ್ತಕದ ಮಳಿಗೆಗೂ ನಡುವೆ, ಬಣ್ಣಬಣ್ಣದ ದೀಪಗಳನ್ನು ಮಿನುಗಿಸುತ್ತ, ಗಾಜಿನ ಹಿಂದೆ ಒಂದು ಚಕ್ರವನ್ನು ಗಿರಗಿರನೆ ತಿರುಗಿಸುತ್ತ ನಿಂತಿರುತ್ತಿದ್ದ ತೂಕದ ಯಂತ್ರವನ್ನು ನಮ್ಮ ವಯಸ್ಸಿನವರು ಮರೆತಿರಲಾರರು. ಅದರ ಹಲಗೆಯನ್ನೇರಿ, ಚಕ್ರ ನಿಲ್ಲುವ ತನಕ ಉಸಿರು ಬಿಗಿಹಿಡಿದು ಕಾದು, ನಾಣ್ಯವನ್ನು ಸೀಳಿನೊಳಕ್ಕೆ ಜಾರಿಸಿದರೆ, ಟಕ್ಕೆಂಬ ಸದ್ದಿನೊಡನೆ ರಟ್ಟಿನ ಚೀಟಿಯೊಂದು ಕೆಳಗೆ ಬೀಳುತ್ತಿತ್ತು. ಅದರ ಒಂದು ಮಗ್ಗುಲಲ್ಲಿ ತೂಕ, ಇನ್ನೊಂದು ಮಗ್ಗುಲಲ್ಲಿ ಭವಿಷ್ಯ. ಬೇಸಿಗೆ ರಜೆಯಲ್ಲಿ ಅಜ್ಜಿಯ ಮನೆಗೆ ಹೋಗುವಾಗ ಒಂದು ಚೀಟಿ, ಹಿಂದಿರುಗುವಾಗ ಒಂದು ಚೀಟಿ. ಎರಡನೆಯದರ ಅಂಕಿ ಮೊದಲನೆಯದಕ್ಕಿಂತ ಹೆಚ್ಚಾಗಿದ್ದರೆ, ಊರಿನ ನೀರು ಮೈಗೆ ಹಿಡಿಯಿತೆಂದು ಹಿರಿಯರು ಹಿಗ್ಗುತ್ತಿದ್ದರು.

ಆ ಹಿಗ್ಗಿನ ಕಾಲ ಕಳೆಯಿತು. ತೂಕದ ಯಂತ್ರವು ಪ್ಲಾಟ್‌ಫಾರಮ್ಮನ್ನು ಬಿಟ್ಟು ಬಚ್ಚಲುಮನೆಯ ಬಾಗಿಲಿಗೆ ಬಂದು ಕುಳಿತು, ಭವಿಷ್ಯ ನುಡಿಯುವುದನ್ನು ನಿಲ್ಲಿಸಿ, ಬರಿಯ ತೀರ್ಪು ಕೊಡುವ ಕೆಲಸವನ್ನಷ್ಟೇ ಉಳಿಸಿಕೊಂಡಿದೆ. ಅಂಥ ತೀರ್ಪಿನಿಂದ ನೊಂದ ನನ್ನ ಬಾಲ್ಯಸ್ನೇಹಿತನೊಬ್ಬನು ಒಂದು ಭಾನುವಾರ ಮನೆಗೆ ಬಂದನು. ಇಪ್ಪತ್ತು ವರ್ಷ ಕುರ್ಚಿಯ ಮೇಲೆ ಕುಳಿತು ಸಂಪಾದಿಸಿದ ಹೊಟ್ಟೆಯನ್ನು ಕರಗಿಸಲೇಬೇಕೆಂಬ ಸಂಕಲ್ಪದಿಂದ ಅವನು ಟ್ರಯಥ್ಲಾನ್ ಎಂಬ ತ್ರಿವಿಧ ಸ್ಪರ್ಧೆಗೆ ಹೆಸರು ಕೊಟ್ಟಿದ್ದನು: 750 ಮೀಟರು ಈಜು, ನೀರಿನಿಂದೆದ್ದು ಒದ್ದೆಮೈಯಲ್ಲೇ 20 ಕಿಲೋಮೀಟರು ಸೈಕಲ್ಲು, ಅದರಿಂದಿಳಿದು 5 ಕಿಲೋಮೀಟರು ಓಟ. "ಅಲ್ಲ ಕಣಯ್ಯ, ಕೋಳಿ ಕೂಗುವ ಮುಂಚೆ ಎದ್ದು ಮೂರು ತಿಂಗಳಿಂದ ನಾಯಿಪಾಡು ಪಡುತ್ತಿದ್ದೇನೆ, ತೂಕ ಒಂದು ಕೆಜಿ ಏರಿದೆಯಲ್ಲ, ಇದು ಯಾವ ನ್ಯಾಯ?" ಎಂದನು. ನಿನ್ನ ದೂರಿಗೆ ನೂರ ಅರವತ್ತು ವರ್ಷ ವಯಸ್ಸಾಗಿದೆ, ಅದನ್ನು ಅಚ್ಚುಹಾಕಿಸಿದವನು ಲಂಡನ್ನಿನಲ್ಲಿ ಶವಪೆಟ್ಟಿಗೆಗಳ ವ್ಯಾಪಾರ ಮಾಡುತ್ತಿದ್ದವನು ಎಂದು ನಾನೆಂದುದು ಅವನಿಗೆ ಪರಿಹಾಸ್ಯವಾಗಿ ಕೇಳಿಸಿತು. ಪರಿಹಾಸ್ಯವಲ್ಲವೆಂದು ತೋರಿಸಲು ಹೊರಟು ಬೆಳೆದದ್ದು ಈ ಬರಹ.

ಮೈಯ ಭಾರವನ್ನು ವ್ಯಾಧಿಯೆಂದು ಎಣಿಸಿದ್ದು ನಿನ್ನೆ ಮೊನ್ನೆಯ ಮಾತಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ನಿಂದಿತವಾದ ಎಂಟು ಬಗೆಯ ಶರೀರಗಳನ್ನು ಹೇಳುವ ಅಧ್ಯಾಯವೊಂದಿದ್ದು, ಅತಿಸ್ಥೂಲನೂ ಅತಿಕೃಶನೂ ಆ ಎಂಟರೊಳಗೆ ಸೇರಿದ್ದಾರೆ. ಇಬ್ಬರಲ್ಲಿ ಕೃಶನೇ ವಾಸಿ ಎಂಬುದು ಗ್ರಂಥದ ನಿಲುವು. ಮೇದಸ್ಸಿನಿಂದ ದಾರಿಕಟ್ಟಿದ ವಾಯುವು ಕೋಷ್ಠದಲ್ಲೇ ಸುಳಿದಾಡಿ ಜಠರಾಗ್ನಿಯನ್ನು ಊದುತ್ತಿರುವುದರಿಂದ ಸ್ಥೂಲನಿಗೆ ಹಸಿವು ಮಿಗಿಲಾಗುತ್ತದೆ, ಹಸಿವು ಮಿಗಿಲಾದುದರಿಂದ ಊಟವೂ, ಊಟದಿಂದ ಮೇದಸ್ಸೂ ಬೆಳೆಯುತ್ತವೆ ಎಂದು ಆ ಪ್ರಾಚೀನರು ಕಾರಣವನ್ನು ವಿವರಿಸಿದರು. ಆದುದರಿಂದ ಅವನಿಗೆ ಕೊಡತಕ್ಕ ಆಹಾರವು ಗುರುವಾಗಿಯೂ ಅತರ್ಪಣವಾಗಿಯೂ ಇರಬೇಕು, ಎಂದರೆ ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲಬೇಕು, ಆದರೆ ಮೈಗೆ ಹತ್ತಬಾರದು. ಜವೆ, ನವಣೆ, ಹಾರಕ, ಹೆಸರು, ಹುರುಳಿ ಇವು ಅಲ್ಲಿ ಹೇಳಿದ ಧಾನ್ಯಗಳು. ವ್ಯಾಯಾಮವನ್ನಾದರೋ ಕ್ರಮಕ್ರಮವಾಗಿ ಹೆಚ್ಚಿಸತಕ್ಕದ್ದು. ಸುಶ್ರುತಸಂಹಿತೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಔಷಧಕ್ಕೆ ಗತಿಯಿಲ್ಲದ ಮಧುಮೇಹಿಯು ಭಿಕ್ಷಾನ್ನವನ್ನುಣ್ಣುತ್ತ ನೂರು ಯೋಜನ ನಡೆಯಲಿ, ಇಲ್ಲವೆ ಬಾವಿ ತೋಡಲಿ ಎನ್ನುತ್ತದೆ. ಆದರೆ ಆರೋಗ್ಯವಂತನ ನಿತ್ಯದ ವ್ಯಾಯಾಮಕ್ಕೆ ತನ್ನ ಬಲದ ಅರ್ಧವೇ ಮಿತಿಯೆಂದೂ ಅದೇ ಗ್ರಂಥ ವಿಧಿಸುತ್ತದೆ. ಶ್ರಮ, ಆಹಾರ, ಹಸಿವು ಈ ಮೂರನ್ನೂ ಒಂದೇ ಪ್ರಕರಣದಲ್ಲಿಟ್ಟು ನೋಡಿದ ಆ ಬುದ್ಧಿ ಮುಂದೆ ಬಹುಕಾಲ ಜಗತ್ತಿನಲ್ಲಿ ಅಪೂರ್ವವಾಯಿತು.

ಹಾಗೆಂದು ನಮ್ಮ ನಾಡಿನ ಅಂಗಸಾಧನೆಯ ಪರಂಪರೆಯು ಸಣ್ಣಗಾಗುವುದನ್ನು ಗುರಿಯಾಗಿಟ್ಟುಕೊಂಡದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಭಾಗವಿದ್ದು, ಜಟ್ಟಿಗಳನ್ನು ವಯಸ್ಸು, ಗಾತ್ರ, ಬಲಗಳಿಂದ ವಿಂಗಡಿಸಿ, ಅವರ ಸಾಧನೆಯ ಕ್ರಮವನ್ನು ಹೇಳಿ, ಬೇಳೆ, ಮಾಂಸ, ಹಾಲು, ಸಕ್ಕರೆ, ಭಕ್ಷ್ಯಗಳನ್ನು ರಾಜನೇ ಅವರಿಗೆ ಒದಗಿಸಬೇಕೆಂದು ಅಲ್ಲಿ ವಿಧಿಸಿದೆ. ಮೈಸೂರಿನ ಗರಡಿಮನೆಗಳೂ ಅದೇ ದಾರಿಯವು: ಮಟ್ಟಿಯಲ್ಲಿ ಸಾಮು ಮಾಡಿ, ದಂಡೆ ಬಸ್ಕಿಗಳಿಂದ ಬೆವರು ಹರಿಸಿದ ಪೈಲ್ವಾನನಿಗೆ ಉಸ್ತಾದನು ಹಾಲು, ತುಪ್ಪ, ಬಾದಾಮಿಗಳ ಲೆಕ್ಕ ಕೇಳುತ್ತಿದ್ದನೇ ಹೊರತು ಸೊಂಟದ ಸುತ್ತಳತೆಯನ್ನು ಕೇಳುತ್ತಿರಲಿಲ್ಲ. ಕಾದಂಬರಿಕಾರರಾಗಿ ಕನ್ನಡಿಗರಿಗೆ ಪರಿಚಿತರಾದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಸೂರ್ಯನಮಸ್ಕಾರವನ್ನೂ ಪಾಶ್ಚಾತ್ಯರ ಭಾರದ ಕಂಬಿಯನ್ನೂ ಕೂಡಿಸಿ, ಅಂಚೆಯ ಮೂಲಕವೂ ಪಾಠ ಹೇಳಿದ ಕಾಲದಲ್ಲಿ ಸಹ ಶಿಷ್ಯರು ಬಯಸಿದ್ದು ತುಂಬಿದ ಎದೆಯನ್ನು, ಉಬ್ಬಿದ ತೋಳನ್ನು. ಬಹುಮಂದಿಗೆ ಎರಡು ಹೊತ್ತಿನ ಊಟವೇ ಖಾತರಿಯಿಲ್ಲದ ಸೀಮೆಯಲ್ಲಿ ಮೈ ಕರಗಿಸುವುದು ಒಂದು ಆಕಾಂಕ್ಷೆಯಾಗುವುದಾದರೂ ಹೇಗೆ?

ಆ ಆಕಾಂಕ್ಷೆ ಮೊಳೆತದ್ದು ಉಂಡು ಮಿಕ್ಕುವ ಮನೆಗಳಲ್ಲಿ. ಮೊಳೆಯುವ ಮೊದಲು ಅದಕ್ಕೊಂದು ತಕ್ಕಡಿ ಬೇಕಾಯಿತು. ಇಟಲಿಯ ಪಾಡುವಾ ನಗರದ ವೈದ್ಯ ಸಾಂಟೋರಿಯೋ ಎಂಬುವನು ಕುರ್ಚಿಯೊಂದನ್ನು ತಕ್ಕಡಿಯ ತೊಲೆಗೆ ತೂಗುಹಾಕಿ, ಅದರಲ್ಲೇ ಕುಳಿತು ಉಂಡು, ತಾನುಂಡದ್ದನ್ನೂ ವಿಸರ್ಜಿಸಿದ್ದನ್ನೂ ತೂಗಿ ತೂಗಿ ಬರೆದಿಟ್ಟು, 1614ರಲ್ಲಿ ಗ್ರಂಥವನ್ನು ಪ್ರಕಟಿಸಿದನು. 8 ಪೌಂಡು ಅನ್ನಪಾನಗಳು ಒಳಹೋದರೆ, ಅದರಲ್ಲಿ 5 ಪೌಂಡು ಕಣ್ಣಿಗೆ ಕಾಣದ ಬೆವರಾಗಿ ಆವಿಯಾಗುತ್ತದೆಂಬುದು ಅವನ ಲೆಕ್ಕ. ಒಂದೂವರೆ ಶತಮಾನದ ತರುವಾಯ ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯ 3ನೆಯ ನಂಬರಿನ ಅಂಗಡಿಯಲ್ಲಿ ಕಾಫಿಯ ಮೂಟೆ ತೂಗುವ ದೊಡ್ಡ ತಕ್ಕಡಿಯ ಮೇಲೆ ಗಿರಾಕಿಗಳೇ ಹತ್ತಿ ಕೂರುವ ಶೋಕಿ ಹುಟ್ಟಿ, 1765ರಿಂದ ಮುಂದಕ್ಕೆ ಅವರವರ ತೂಕ ಅಂಗಡಿಯ ಪುಸ್ತಕಗಳಲ್ಲಿ ದಾಖಲಾಯಿತು. ಕವಿ ಬೈರನ್ನನ ಹೆಸರೂ ಅಲ್ಲಿದೆ: 1806ರಲ್ಲಿ ಸುಮಾರು 88 ಕಿಲೋ ತೂಗಿದವನು 1811ರಲ್ಲಿ 57 ಕಿಲೋಗೆ ಇಳಿದಿದ್ದನು. ಮೈ ಬೆಳೆಯುವುದಕ್ಕೆ ಹೆದರಿದ ಆ ತರುಣನು ಏಳು ವೇಸ್ಟ್‌ಕೋಟುಗಳನ್ನು ಒಂದರ ಮೇಲೊಂದು ತೊಟ್ಟು, ಅವುಗಳ ಮೇಲೊಂದು ದಪ್ಪನೆಯ ನಿಲುವಂಗಿಯನ್ನು ಹೊದ್ದು, ಆ ವೇಷದಲ್ಲಿ ಓಡಿ, ಕ್ರಿಕೆಟ್ಟಾಡಿ, ಬೆವರಿ ಬಸವಳಿದು, ಬಿಸಿನೀರಿನಲ್ಲಿ ಮಿಂದು, ದಿನಕ್ಕೊಂದೇ ಹೊತ್ತು ಉಣ್ಣುತ್ತಿದ್ದುದನ್ನು ಪತ್ರವೊಂದರಲ್ಲಿ ತಾನೇ ಬರೆದುಕೊಂಡಿದ್ದಾನೆ. ಅವನೇ 1810ರ ಮೇ 3ರಂದು ಹೆಲೆಸ್ಪಾಂಟ್ ಜಲಸಂಧಿಯನ್ನು ಒಂದು ಗಂಟೆ ಹತ್ತು ನಿಮಿಷದಲ್ಲಿ ಈಜಿ ದಾಟಿದವನು. ಕರಗಿಸುವ ಹಟವೂ ದೂರ ಈಜುವ ಹಟವೂ ಒಂದೇ ಮೈಯಲ್ಲಿ ಕೂಡಿದ್ದಕ್ಕೆ ಅವನನ್ನು ಪೂರ್ವಿಕನೆನ್ನಬಹುದು, ಅನುಕರಣೀಯನೆನ್ನಲಾಗದು.

ಬೆವರೇ ಕೊಬ್ಬು ಎಂಬ ಈ ನಂಬಿಕೆಯನ್ನು ಶಾಸ್ತ್ರವಾಗಿಸಿದವರು ಕುದುರೆ ಜೂಜಿನ ಸವಾರರನ್ನೂ ಪಂದ್ಯದ ನಡಿಗೆಯವರನ್ನೂ ಪಳಗಿಸುತ್ತಿದ್ದ ಇಂಗ್ಲೆಂಡಿನ ಉಸ್ತಾದರು. ಅಭ್ಯರ್ಥಿಗೆ ಮೊದಲು ಭೇದಿಗೆ ಕೊಡುವರು. ಬಳಿಕ ಉಣ್ಣೆಯ ಬಟ್ಟೆ ತೊಡಿಸಿ ನಾಲ್ಕು ಮೈಲಿ ಓಡಿಸುವರು. ಓಡಿ ಬಂದವನಿಗೆ ಕೊತ್ತಂಬರಿ ಬೀಜ, ಜೀರಿಗೆಯ ಜಾತಿಯ ಒಂದು ಬೀಜ, ಜ್ಯೇಷ್ಠಮಧು, ಕಲ್ಲುಸಕ್ಕರೆಗಳನ್ನು ಸೇಬಿನ ಮದ್ಯದಲ್ಲಿ ಹಾಕಿ ಅರ್ಧಕ್ಕಿಳಿಯುವಂತೆ ಕುದಿಸಿದ ಬಿಸಿಬಿಸಿ ಪಾನೀಯವನ್ನು ಕುಡಿಸಿ, ಆರೆಂಟು ಜೊತೆ ಕಂಬಳಿಗಳ ಕೆಳಗೆ ಅರ್ಧ ಗಂಟೆ ಮಲಗಿಸುವರು. ಸಾಮಗ್ರಿಯ ಪಟ್ಟಿಯನ್ನು ಓದಿದರೆ ನೆಗಡಿಯಾದಾಗ ನಮ್ಮ ಅಜ್ಜಿಯರು ಕಾಸಿಕೊಡುತ್ತಿದ್ದ ಕಷಾಯದ ಘಮ ಮೂಗಿಗೆ ಬಂದಂತಾಗುತ್ತದೆ. ಊಟಕ್ಕೆ ಅರೆಬೆಂದ ಮಾಂಸ, ಹಳಸಿದ ಬ್ರೆಡ್ಡು, ಹಳೆಯ ಬಿಯರು; ತರಕಾರಿ ವರ್ಜ್ಯ, ನೀರೂ ಆದಷ್ಟು ಕಡಮೆ. ಈ ಸಂಪ್ರದಾಯದ ಮೇರುವ್ಯಕ್ತಿಯಾದ ಕ್ಯಾಪ್ಟನ್ ಬಾರ್ಕ್ಲೇ 1809ರ ಜೂನ್ 1ರಿಂದ ಜುಲೈ 12ರ ತನಕ ನ್ಯೂಮಾರ್ಕೆಟ್ಟಿನಲ್ಲಿ, ಪ್ರತಿ ಗಂಟೆಗೊಂದು ಮೈಲಿಯಂತೆ, ಹಗಲೆನ್ನದೆ ಇರುಳೆನ್ನದೆ, 1000 ಗಂಟೆಗಳಲ್ಲಿ 1000 ಮೈಲಿ ನಡೆದು 1000 ಗಿನಿಗಳ ಪಣವನ್ನು ಗೆದ್ದಾಗ, 84 ಕಿಲೋ ಇದ್ದ ಅವನ ಮೈ 70ಕ್ಕೆ ಇಳಿದಿತ್ತು. ಆದರೆ ಬೆವರಿನ ಶಾಸ್ತ್ರದ ದೋಷ ಅದರ ಶೀಘ್ರಫಲದಲ್ಲೇ ಇತ್ತು. ಕಂಬಳಿಯ ಕೆಳಗೆ ಕಳೆದುಹೋದದ್ದು ನೀರು. ತಕ್ಕಡಿಯ ಮುಳ್ಳಿಗೆ ನೀರಿಗೂ ಕೊಬ್ಬಿಗೂ ಭೇದ ತಿಳಿಯದು. ಎರಡು ತಂಬಿಗೆ ನೀರು ಕುಡಿದೊಡನೆ ಹೋದ ತೂಕ ಹೋದ ದಾರಿಯಲ್ಲೇ ಹಿಂದಿರುಗುತ್ತಿತ್ತು.

ಈಗ ಆ ಶವಪೆಟ್ಟಿಗೆಯ ವ್ಯಾಪಾರಿಯ ಕಥೆ. ಅರಮನೆಯವರ ಅಂತ್ಯಕ್ರಿಯೆಗಳ ವ್ಯವಸ್ಥೆಯನ್ನು ವಹಿಸಿಕೊಳ್ಳುತ್ತಿದ್ದ ಮನೆತನದ ವಿಲಿಯಂ ಬ್ಯಾಂಟಿಂಗ್ 1862ರ ಆಗಸ್ಟಿನಲ್ಲಿ ಅರವತ್ತು ದಾಟಿದವನಾಗಿದ್ದು, ಐದಡಿ ಐದಂಗುಲದ ಎತ್ತರಕ್ಕೆ 202 ಪೌಂಡು, ಎಂದರೆ ಸುಮಾರು 92 ಕಿಲೋ ತೂಗುತ್ತಿದ್ದನು. ಬಗ್ಗಿ ತನ್ನ ಬೂಟಿನ ದಾರವನ್ನು ಕಟ್ಟಿಕೊಳ್ಳಲಾರನು; ಮೊಣಕಾಲಿಗೆ ಪೆಟ್ಟಾದೀತೆಂದು ಮೆಟ್ಟಲುಗಳನ್ನು ಹಿಮ್ಮುಖವಾಗಿ ಇಳಿಯುವನು. ಕುದುರೆ ಸವಾರಿ, ಸಮುದ್ರದ ಗಾಳಿ, ಟರ್ಕಿಯ ಹಮಾಮು ಎಲ್ಲವನ್ನೂ ಮಾಡಿ ನೋಡಿದ್ದಾಗಿತ್ತು. ಅವನ ಪ್ರಯತ್ನಗಳಲ್ಲಿ ನನಗೆ ಮುಖ್ಯವಾಗಿ ತೋರುವುದು ದೋಣಿಯ ಪ್ರಸಂಗ: ಶ್ರಮವೇ ಮದ್ದೆಂದು ವೈದ್ಯಮಿತ್ರನೊಬ್ಬನು ಹೇಳಿದುದರಿಂದ ಅವನು ಭಾರವಾದ ದೋಣಿಯೊಂದನ್ನು ಇಟ್ಟುಕೊಂಡು, ಬೆಳಗಿನ ಹೊತ್ತು ಎರಡೆರಡು ಗಂಟೆ ಹುಟ್ಟು ಹಾಕಿದನು, ತೋಳುಗಳಿಗೆ ಬಲವೇನೋ ಬಂದಿತು, ಆದರೆ ಅದರೊಡನೆ ಅಸಾಧ್ಯವಾದ ಹಸಿವೂ ಬಂದಿತು, ಹಸಿವಿಗೆ ಸೋತು ಉಂಡನು, ಉಂಡು ಇನ್ನಷ್ಟು ತೂಗಿದನು, ಕಡೆಗೆ ಆ ವೈದ್ಯನೇ ಹುಟ್ಟನ್ನು ಕೆಳಗಿಡಲು ಹೇಳಬೇಕಾಯಿತು. ನನ್ನ ಸ್ನೇಹಿತನ ದೂರು ಇದಲ್ಲದೆ ಬೇರೇನು?

ಬ್ಯಾಂಟಿಂಗನಿಗೆ ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಕಿವಿ ಮಂದವಾಯಿತೆಂದು ಅವನು ವಿಲಿಯಂ ಹಾರ್ವಿ ಎಂಬ ಶಸ್ತ್ರವೈದ್ಯನ ಬಳಿಗೆ ಹೋದಾಗ, ಆತನು ಕಿವಿಯ ದೋಷಕ್ಕೆ ಕೊಬ್ಬೇ ಕಾರಣವೆಂದು ಬಗೆದು, ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆ ಇಷ್ಟನ್ನೂ ಬಿಡಿಸಿದನು. ಒಂದು ವರ್ಷದಲ್ಲಿ 46 ಪೌಂಡು ಇಳಿಯಿತು, ಸೊಂಟ ಹನ್ನೆರಡು ಅಂಗುಲ ಕುಗ್ಗಿತು. ಆ ಹರ್ಷದಲ್ಲಿ ಅವನು 1863ರಲ್ಲಿ ಸ್ಥೂಲಕಾಯವನ್ನು ಕುರಿತು ಸಾರ್ವಜನಿಕರಿಗೊಂದು ಪತ್ರವನ್ನು ಕಿರುಪುಸ್ತಕವಾಗಿ ಅಚ್ಚುಹಾಕಿಸಿ ಮೊದಲು ಉಚಿತವಾಗಿ ಹಂಚಿದನು. ಅದು ಎಷ್ಟು ಜನಪ್ರಿಯವಾಯಿತೆಂದರೆ ಅವನ ಹೆಸರೇ ಕ್ರಿಯಾಪದವಾಗಿ, ಸ್ವೀಡನ್ನಿನ ಭಾಷೆಯಲ್ಲಿ ಇಂದಿಗೂ ಪಥ್ಯಮಾಡಿ ಮೈ ಇಳಿಸುವುದಕ್ಕೆ 'ಬಾಂಟಾ' ಎನ್ನುತ್ತಾರೆ.

ಹಸಿವಿಗೂ ಶ್ರಮಕ್ಕೂ ಇರುವ ಈ ವ್ಯವಹಾರಕ್ಕೆ ಜಮಾಖರ್ಚಿನ ಪುಸ್ತಕವನ್ನು ತೆರೆದವರು ಅಮೆರಿಕದವರು. ಮಿಡ್ಲ್‌ಟೌನಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಆಟ್‌ವಾಟರ್ 1890ರ ದಶಕದಲ್ಲಿ ಮನುಷ್ಯನೊಬ್ಬನು ಹಲವು ದಿನ ವಾಸಿಸಬಹುದಾದ ಕೋಣೆಯೊಂದನ್ನು ನಿರ್ಮಿಸಿ, ಕಿಂಡಿಯ ಮೂಲಕ ತೂಗಿದ ಆಹಾರವನ್ನು ಒಳಗೆ ಕಳುಹಿಸಿ, ಅವನ ಉಸಿರನ್ನೂ ಮೈಯಿಂದ ಹೊಮ್ಮಿದ ಶಾಖವನ್ನೂ ಅಳೆದನು; ಕುಳಿತಾಗ ಎಷ್ಟು, ಒಳಗಿಟ್ಟಿದ್ದ ನಿಂತಲ್ಲೇ ನಿಲ್ಲುವ ಸೈಕಲ್ಲನ್ನು ತುಳಿದಾಗ ಎಷ್ಟು ಎಂಬುದು ಕ್ಯಾಲೊರಿಯ ಅಂಕಿಗಳಾಗಿ ಹೊರಬಂದಿತು. ಆ ಲೆಕ್ಕ ಕೊಬ್ಬಿನ ಜಿಪುಣತನವನ್ನು ಬಯಲುಮಾಡಿತು. 70 ಕಿಲೋ ತೂಗುವವನು ಒಂದು ಕಿಲೋಮೀಟರು ಓಡಿದರೆ ವೆಚ್ಚವಾಗುವುದು ಸುಮಾರು 70 ಕ್ಯಾಲೊರಿ; ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವುದು ಸುಮಾರು 7,700. ಎಂದರೆ ಬೆಂಗಳೂರಿನಿಂದ ಮಂಡ್ಯದವರೆಗೆ ಓಡಿ, ಮಂಡ್ಯದಲ್ಲಿ ಏನನ್ನೂ ಹೆಚ್ಚಾಗಿ ತಿನ್ನದೆ ಇದ್ದರೂ, ಒಂದು ಕಿಲೋ ಇಳಿಯುವುದಕ್ಕೆ ಇನ್ನಷ್ಟು ಓಡಬೇಕು.

ಹಾಗಾದರೆ ಉಣ್ಣದೆ ಶ್ರಮಿಸಬಹುದಲ್ಲವೇ ಎಂಬ ಪ್ರಶ್ನೆಗೂ ಇತಿಹಾಸ ಉತ್ತರ ಕೊಟ್ಟಿದೆ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಮಂದಿ ಸ್ವಯಂಸೇವಕರನ್ನು 24 ವಾರ ಅರೆಹೊಟ್ಟೆಯಲ್ಲಿರಿಸಿ, ವಾರಕ್ಕೆ 22 ಮೈಲಿ ನಡೆಸಿದನು. ಅವರ ತೂಕದಲ್ಲಿ ಸುಮಾರು ಕಾಲುಭಾಗ ಕರಗಿತು. ಆದರೆ ತೂಕದೊಡನೆ ಬಲ, ಉತ್ಸಾಹ, ನಗು ಎಲ್ಲವೂ ಕರಗಿ, ಆ ಯುವಕರು ಅಡುಗೆಯ ಪುಸ್ತಕಗಳನ್ನು ಧರ್ಮಗ್ರಂಥಗಳಂತೆ ಓದುತ್ತ, ತಟ್ಟೆಯನ್ನು ನೆಕ್ಕುತ್ತ, ಊಟವನ್ನೇ ಕನಸು ಕಾಣುತ್ತ ಕಾಲ ಕಳೆದರು. ಹಸಿವನ್ನು ಮರೆತವನು ಬ್ಯಾಂಟಿಂಗನ ದೋಣಿಯಲ್ಲಿ ಸಿಕ್ಕಿಕೊಂಡರೆ, ಹಸಿವನ್ನು ತುಳಿಯಹೊರಟವನು ಮಿನೆಸೋಟದ ಆ ಮೇಜಿಗೆ ಬಂದು ಕೂರುತ್ತಾನೆ.

ಟ್ರಯಥ್ಲಾನ್ ಹುಟ್ಟಿದ್ದು ಈ ಎರಡು ಪಾಠಗಳ ತರುವಾಯ, ನಡುವಯಸ್ಸಿನವರು ಆರೋಗ್ಯಕ್ಕಾಗಿ ಬೀದಿಗಿಳಿದು ಮೆಲ್ಲಗೆ ಓಡತೊಡಗಿದ ದಿನಗಳಲ್ಲಿ. ಆರೆಗಾನಿನ ತರಬೇತುಗಾರ ಬಿಲ್ ಬವರ್‌ಮನ್ ನ್ಯೂಜಿಲೆಂಡಿಗೆ ಹೋಗಿದ್ದಾಗ, ಅಲ್ಲಿನ ಓಟದ ಗುರು ಆರ್ಥರ್ ಲಿಡಿಯಾರ್ಡನ ಬಳಗದ ಎಪ್ಪತ್ತು ಮೀರಿದ ಮುದುಕನೊಬ್ಬನು ತನ್ನನ್ನು ಹಿಂದೆ ಹಾಕಿ ಓಡಿದ್ದನ್ನು ಕಂಡು ನಾಚಿ, ಊರಿಗೆ ಮರಳಿ, 1963ರಲ್ಲಿ ಸಾಮಾನ್ಯರಿಗೆ ಓಟದ ಪಾಠ ಆರಂಭಿಸಿದನು. ಆ ಗಾಳಿ ಬೀಸಿದ ಹತ್ತು ವರ್ಷಕ್ಕೆ, 1974ರ ಸೆಪ್ಟೆಂಬರ್ 25ರ ಬುಧವಾರ ಸಂಜೆ, ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋ ನಗರದ ಮಿಷನ್ ಬೇ ಎಂಬಲ್ಲಿ ಜಾಕ್ ಜಾನ್‌ಸ್ಟನ್, ಡಾನ್ ಶಾನಹಾನ್ ಎಂಬಿಬ್ಬರು ಓಟ, ಸೈಕಲ್ಲು, ಈಜುಗಳನ್ನು ಹೆಣೆದು ಪಂದ್ಯವೊಂದನ್ನು ಏರ್ಪಡಿಸಿದರು. ಬಹುಮಾನದ ಫಲಕ ಕೆತ್ತುವವನು ಆ ಹೊಸ ಶಬ್ದವನ್ನು ನಿಘಂಟಿನಲ್ಲಿ ಕಾಣದೆ ಕಾಗುಣಿತ ಕೇಳಿದನಂತೆ. ಕೊನೆಯವರು ನೀರಿನಲ್ಲಿರುವಾಗಲೇ ಕತ್ತಲು ಕವಿದುದರಿಂದ ಕಾರುಗಳ ದೀಪ ಬೆಳಗಿಸಿ ಅವರನ್ನು ದಡ ಸೇರಿಸಬೇಕಾಯಿತು.

ಅಂದು ಭಾಗವಹಿಸಿದ್ದ ನೌಕಾಧಿಕಾರಿ ಜಾನ್ ಕಾಲಿನ್ಸ್ ಮುಂದೆ ಹವಾಯಿಯಲ್ಲಿ, ಈಜುಗಾರ ಗಟ್ಟಿಯೋ ಓಟಗಾರ ಗಟ್ಟಿಯೋ ಸೈಕಲ್ಲಿನವನು ಗಟ್ಟಿಯೋ ಎಂಬ ವಾದವನ್ನು ತೀರಿಸಲು, ಅಲ್ಲಿನ ಮೂರು ಪ್ರತ್ಯೇಕ ಸ್ಪರ್ಧೆಗಳನ್ನು ಒಂದಾಗಿಸಿ, 3.86 ಕಿಲೋಮೀಟರು ಈಜು, 180 ಕಿಲೋಮೀಟರು ಸೈಕಲ್ಲು, 42.195 ಕಿಲೋಮೀಟರು ಓಟ ಎಂದು ಗೊತ್ತುಪಡಿಸಿದನು. 1978ರ ಫೆಬ್ರವರಿ 18ರಂದು ಹೊರಟವರು 15, ಮುಗಿಸಿದವರು 12. ಗೆದ್ದವನು 11 ಗಂಟೆ 46 ನಿಮಿಷ 58 ಸೆಕೆಂಡಿನ ಗಾರ್ಡನ್ ಹಾಲರ್. ಎರಡನೆಯವನಾದ ಜಾನ್ ಡನ್‌ಬಾರನಿಗೆ ನೀರು ಒದಗಿಸುತ್ತಿದ್ದವರಲ್ಲಿ ನೀರು ತೀರಿಹೋಗಿ ಅವರು ಬಿಯರು ಕೊಟ್ಟರು: ಬಾರ್ಕ್ಲೇಯ ಕಾಲದ ಪಥ್ಯ ಹಿತ್ತಲ ಬಾಗಿಲಿಂದ ಮತ್ತೆ ಒಳಬಂದಂತೆ! ನಾಲ್ಕು ವರ್ಷದ ಬಳಿಕ, 1982ರ ಫೆಬ್ರವರಿಯಲ್ಲಿ, ವ್ಯಾಯಾಮಶಾಸ್ತ್ರದ ಪ್ರಬಂಧಕ್ಕೋಸ್ಕರ ಸ್ಪರ್ಧೆಗಿಳಿದಿದ್ದ ಜೂಲಿ ಮಾಸ್ ಎಂಬ ವಿದ್ಯಾರ್ಥಿನಿ ಮಹಿಳೆಯರಲ್ಲಿ ಎಲ್ಲರಿಗಿಂತ ಮುಂದಿದ್ದು, ಗುರಿಯ ಸಮೀಪದಲ್ಲಿ ಮೈಯ ಇಂಧನ ತೀರಿ ಕುಸಿದು, ಎದ್ದು, ಮತ್ತೆ ಕುಸಿದು, ಕಡೆಗೆ ಅಂಬೆಗಾಲಿನಲ್ಲಿ ತೆವಳಿ ಎರಡನೆಯವಳಾಗಿ ಗೆರೆ ಮುಟ್ಟಿದ ದೃಶ್ಯವನ್ನು ದೂರದರ್ಶನದಲ್ಲಿ ಕಂಡ ಲೋಕ ಈ ಕ್ರೀಡೆಗೆ ಮನಸೋತಿತು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಅದಕ್ಕೆ ಸ್ಥಾನ ದೊರೆಯಿತು. 2019ರ ಅಕ್ಟೋಬರಿನಲ್ಲಿ ನೆರೆಯ ಗೋವೆಯ ಕಡಲತೀರಕ್ಕೂ ಹವಾಯಿಯ ಆ ಸ್ಪರ್ಧೆಯ ಅರ್ಧದೂರದ ರೂಪ ಬಂದಿತು. ಅಂತೂ ಈ ಕ್ರೀಡೆಯನ್ನು ಹುಟ್ಟಿಸಿದವರ ಪ್ರಶ್ನೆ ಯಾರು ಗಟ್ಟಿ ಎಂಬುದಾಗಿತ್ತೇ ಹೊರತು ಯಾರು ತೆಳ್ಳಗೆ ಎಂಬುದಾಗಿರಲಿಲ್ಲ.

ಇಷ್ಟನ್ನು ಹೇಳಿ ಮುಗಿಸಿದ ಮೇಲೆ, ಮುಂದಿನ ಭಾನುವಾರ ನಾನು ಸ್ನೇಹಿತನ ಸಂಗಡ ನಂದಿಬೆಟ್ಟದ ದಾರಿಗೆ ಹೋದೆನು. ಅವನು ಸೈಕಲ್ಲಿನಲ್ಲಿ, ನಾನು ಕಾರಿನಲ್ಲಿ. ಅರವತ್ತು ಕಿಲೋಮೀಟರು ತುಳಿದು ಬಂದ ಆ ತಂಡ ಹೋಟೆಲೊಂದರ ಮುಂದೆ ಸೈಕಲ್ಲುಗಳನ್ನು ಸಾಲಾಗಿ ಒರಗಿಸಿ ಒಳಹೊಕ್ಕಿತು. ನನ್ನ ಸ್ನೇಹಿತನು ಮೊದಲು ಇಡ್ಲಿ ವಡೆ, ಅದರ ಬೆನ್ನಿಗೆ ಬೆಣ್ಣೆ ಹಾಕಿದ ಮಸಾಲೆ ದೋಸೆ, "ಇಷ್ಟು ತುಳಿದಿದ್ದೇನೆ, ಬಿಡು" ಎಂದು ಒಂದು ಕೇಸರಿಬಾತು, ಮೇಲೊಂದು ಕಾಫಿ, ಅದು ಸಾಲದೆಂದು ಇನ್ನೊಂದು ದೋಸೆ ತರಿಸಿದನು. ಆ ಎರಡನೆಯ ದೋಸೆಯನ್ನು ಮುರಿಯುವಾಗ ನನ್ನ ಮುಖ ನೋಡಿ, "ದೋಣಿ?" ಎಂದನು. "ದೋಣಿಯೇ" ಎಂದೆನು. ದೋಸೆ ಮಾತ್ರ ಉಳಿಯಲಿಲ್ಲ.

ಆದರೆ ಮರುದಿನದಿಂದ ಅವನ ಕ್ರಮ ಬದಲಾಯಿತು. ಈಜಿ ಬಂದ ಅರ್ಧ ಗಂಟೆಯೊಳಗೆ, ಹಸಿವು ಹುಲಿಯಾಗುವ ಮೊದಲೇ, ಹೆಸರುಕಾಳಿನ ಉಸಲಿಯೋ ರಾಗಿಮುದ್ದೆ ಹುರುಳಿಸಾರೋ ತಿನ್ನತೊಡಗಿದನು. ಚರಕನು ಇದನ್ನೇ ಗುರು ಎಂದದ್ದೇನೋ. ತೂಕ ಏರಿದ್ದರ ಒಂದು ಪಾಲು ಕೊಬ್ಬೂ ಅಲ್ಲವೆಂದು ನಾನು ಓದಿ ಹೇಳಿದೆನು: ಹೊಸದಾಗಿ ಸಾಧನೆಗಿಳಿದವನ ಸ್ನಾಯುಗಳು ಗ್ಲೈಕೊಜೆನ್ ಎಂಬ ಇಂಧನವನ್ನು ಹೆಚ್ಚಾಗಿ ಕೂಡಿಡುತ್ತವೆ, ಅದರ ಪ್ರತಿ ಗ್ರಾಮಿನೊಡನೆ ಸುಮಾರು 3 ಗ್ರಾಮು ನೀರೂ ಬಂದು ನೆಲಸುತ್ತದೆ. ಬೈರನ್ನನು ಏಳು ವೇಸ್ಟ್‌ಕೋಟಿನಲ್ಲಿ ಹಿಂಡಿ ತೆಗೆದ ನೀರನ್ನು ನೀನು ಶಕ್ತಿಯಾಗಿ ಹೊತ್ತಿದ್ದೀಯೆ ಎಂದದ್ದು ಅವನಿಗೆ ಹಿಡಿಸಿತು.

ಸ್ಪರ್ಧೆಯ ಹೊತ್ತಿಗೆ ಅವನು ಇಳಿದಿದ್ದದ್ದು ನಾಲ್ಕೇ ಕಿಲೋ. ಬೆಳಗಿನ ಮಂಜಿನಲ್ಲಿ ನೀರಿನಿಂದೆದ್ದು ಓಡುತ್ತ ಬಂದು, ಮೈಯಿಂದ ನೀರು ತೊಟ್ಟಿಕ್ಕುತ್ತಿರಲು, ಸೈಕಲ್ಲಿನ ಪಕ್ಕದಲ್ಲಿ ನಿಂತು, ಹೆಬ್ಬೆರಳಿಗಂಟಿದ್ದ ಮರಳನ್ನು ಒರಸಿ ಕಾಲುಚೀಲ ಏರಿಸಿ, ಯಾವುದಕ್ಕೂ ಒರಗದೆ, ಸೊಂಟ ಬಗ್ಗಿಸಿ, ಎರಡು ಎಳೆತದಲ್ಲಿ ಬೂಟಿನ ದಾರವನ್ನು ಬಿಗಿದು ಕಟ್ಟಿದನು. ಆಮೇಲೆ ನೆಟ್ಟಗೆ ನಿಂತು, ನಾನಿದ್ದ ಕಡೆ ನೋಡಲೂ ಬಿಡುವಿಲ್ಲದೆ, ಸೈಕಲ್ಲನ್ನು ತಳ್ಳಿಕೊಂಡು ಓಡಿದನು.